ಚಟ ಬಿಡಲು ಮೊದಲು ಒಂದು ಫೋನು

ಕುಲಗೋಡದ ದಿನಗೂಲಿಯವನೊಬ್ಬ ಕುಡಿತ ಬಿಡಬೇಕೆಂದು ಮನಸ್ಸು ಮಾಡಿದರೂ ಮನೋವೈದ್ಯರಿಗಾಗಿ ಬೆಳಗಾವಿಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಬಸ್ಸು ಹತ್ತಬೇಕು. ಆ ದಿನದ ಪಗಾರ ಹೋಯಿತು. ಅದಕ್ಕಿಂತ ದೊಡ್ಡದು, ‘ಎಲ್ಲಿಗೆ ಹೊಂಟಿ?’ ಎಂದು ಕೇಳುವ ಮಂದಿಯ ಅಂಜಿಕೆ. 2019ರಲ್ಲಿ ಪ್ರಕಟವಾದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯಂತೆ, ಮದ್ಯದ ದಾಸರಾದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಈ ಅಂಕಿಯ ಹಿಂದೆ ದೂರವೂ ಇದೆ, ನಾಚಿಕೆಯೂ ಇದೆ.

ಎರಡನ್ನೂ ಫೋನು ತಗ್ಗಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯದ ಫೋನು ಸೇವೆ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಂಖ್ಯೆ 14416, ಹಗಲು ರಾತ್ರಿ, ಕನ್ನಡದಲ್ಲೇ, ಪುಕ್ಕಟೆ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಬರೀ ಮಾತಿನಿಂದ ಏನಾದೀತು ಎನ್ನಬೇಡಿ. ಪಳಗಿದ ಆಪ್ತಸಮಾಲೋಚಕರು ಬೈಯುವುದಿಲ್ಲ, ಉಪದೇಶ ಮಾಡುವುದಿಲ್ಲ. ಎಷ್ಟು ಕುಡಿಯುತ್ತೀರಿ, ಯಾವ ಹೊತ್ತಿಗೆ, ಬಿಟ್ಟರೆ ನಿಮಗೇನು ಸಿಕ್ಕೀತು ಎಂದು ಕೇಳುತ್ತಾರೆ. ಬಿಡಬೇಕಾದ ಕಾರಣ ಕುಡಿಯುವವನ ಬಾಯಿಂದಲೇ ಬಂದಾಗ ಅದಕ್ಕೆ ಬಲ ಹೆಚ್ಚು. ಕುಡಿಯಬೇಕೆಂಬ ತೀವ್ರ ಸೆಳೆತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾನೇ ಇಳಿಯುತ್ತದೆ; ಆ ಅರ್ಧ ಗಂಟೆ ದಾಟಿಸಲು ಒಂದು ದನಿ ಸಾಕಾಗಬಹುದು. 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಊರಿನ ಹೋಟೆಲೊಂದರಲ್ಲಿ ಕುಡಿಯುವ ಆಸೆ ಕೆರಳಿದಾಗ ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್ ಬಾರಿಗೆ ಹೋಗದೆ ಫೋನು ಹಿಡಿದರು, ಇನ್ನೊಬ್ಬ ಕುಡಿತದ ರೋಗಿಯನ್ನು ಹುಡುಕಿಕೊಂಡರು. ಕುಡಿತ ಬಿಡುವವರ ಬಳಗ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಆ ಕರೆಯಿಂದ.

ಆದರೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ವರ್ಷಗಟ್ಟಲೆ ದಿನಾ ಕುಡಿದವರು ದೇವರ ಮೇಲೆ ಆಣೆ ಮಾಡಿ ಒಮ್ಮೆಲೇ ಬಿಡುವುದು ಅಪಾಯ. ಮದ್ಯ ಮಿದುಳನ್ನು ಮಂದಗೊಳಿಸುತ್ತದೆ. ಅದಕ್ಕೆ ಸರಿದೂಗಲು ಮಿದುಳು ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಮದ್ಯ ಥಟ್ಟನೆ ನಿಂತರೆ ಏರಿದ ಉದ್ರೇಕವಷ್ಟೇ ಉಳಿಯುತ್ತದೆ. ಮೊದಲು ಕೈನಡುಕ, ಬೆವರು, ನಿದ್ರೆಗೇಡು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಸುಮಾರಿಗೆ ಕೆಲವರು ಇಲ್ಲದ್ದನ್ನು ಕಂಡು ಬಡಬಡಿಸುತ್ತಾರೆ. ಮನೆಯವರು ಇದನ್ನು ಗಾಳಿ ಸೋಂಕು ಎಂದು ತಿಳಿದು ತಡಮಾಡಿದರೆ ಜೀವವೇ ಹೋಗಬಹುದು. ಇಲ್ಲಿ ಫೋನಿನ ಮಾತು ಸಾಲದು. ಆಸ್ಪತ್ರೆ, ಶಮನಕಾರಿ ಔಷಧ, ಬಿ1 ಜೀವಸತ್ವ ಬೇಕು. 108ಕ್ಕೆ ಕರೆಮಾಡಿ.

ಆದ್ದರಿಂದ ಬಿಡುವ ಮುನ್ನವೇ ಕೇಳಿ. ಕುಡಿಯುವವರು ಒಪ್ಪದಿದ್ದರೆ ಹೆಂಡತಿ, ತಾಯಿ, ಮಗ ಯಾರಾದರೂ 14416ಕ್ಕೆ ಕರೆಮಾಡಿ ಸಲಹೆ ಪಡೆಯಬಹುದು.