ಬೀರುವಿನಲ್ಲಿ ಮಲಗಿದ ಕಾರ್ಡು: ಇಟ್ಟುಕೊಳ್ಳುವುದೇ, ಮುಚ್ಚಿಸುವುದೇ?

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದು ಸಿಇಟಿ ಫಲಿತಾಂಶಕ್ಕಾಗಿ ಕಾಯುವ ದಿನಗಳು. ಮೈಸೂರಿನ ರಾಜೀವನಗರದ ಯಾವುದಾದರೂ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮಗಳ ಇಂಜಿನಿಯರಿಂಗ್ ಸೀಟಿಗೆ ಬೇಕಾದ ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಹುಡುಕಲೆಂದು ತಂದೆ ಬೀರು ತೆರೆದಿದ್ದಾರೆ. ಕಾಗದಗಳ ಅಡಿಯಿಂದ ಹಳೆಯ ಮೈಸೂರು ಬ್ಯಾಂಕಿನ ಪಾಸ್‌ಬುಕ್ಕೊಂದು ಹೊರಬರುತ್ತದೆ. ಅದರೊಳಗೆ ಎರಡು ಕ್ರೆಡಿಟ್ ಕಾರ್ಡುಗಳು. ಒಂದು ಎಂದೋ ಸಂಬಳದ ಖಾತೆಯ ಜೊತೆ ಬಂದದ್ದು. ಇನ್ನೊಂದು, ಅಂಗಡಿಯ ಮುಂದೆ ಮೇಜು ಹಾಕಿಕೊಂಡು ಕುಳಿತ ಹುಡುಗನೊಬ್ಬ ಬಲವಂತ ಮಾಡಿ ಅರ್ಜಿ ತುಂಬಿಸಿಕೊಂಡಾಗ ಬಂದದ್ದು. ದಿನಬಳಕೆಯ ಕಾರ್ಡು ಜೇಬಿನಲ್ಲೇ ಇದೆ.

“ಅಬ್ಬಾ, ಇವೆರಡನ್ನೂ ನೀವು ಉಪಯೋಗಿಸುವುದೇ ಇಲ್ಲವಲ್ಲ. ಕತ್ತರಿಸಿ ಬಿಸಾಕಲಾ?” ಎನ್ನುತ್ತಾಳೆ ಮಗಳು.

“ಇರಲಿ ಬಿಡಮ್ಮ, ಅವೇನು ಅನ್ನ ಕೇಳುತ್ತವಾ?” ಎನ್ನುತ್ತಾರೆ ತಂದೆ.

ಇಬ್ಬರ ಮಾತೂ ಅರ್ಧ ಸರಿ, ಅರ್ಧ ತಪ್ಪು. ಕತ್ತರಿಸಿದ ಮಾತ್ರಕ್ಕೆ ಕಾರ್ಡು ಸಾಯುವುದಿಲ್ಲ. ಸುಮ್ಮನೆ ಮಲಗಿಸಿಟ್ಟ ಕಾರ್ಡೂ ಕೆಲವೊಮ್ಮೆ ಅನ್ನ ಕೇಳುತ್ತದೆ.

ಕಾರ್ಡು ಬೇರೆ, ಖಾತೆ ಬೇರೆ

ಕೈಯಲ್ಲಿರುವ ಪ್ಲಾಸ್ಟಿಕ್ ತುಂಡು ಬರೀ ಕೀಲಿಕೈ. ಸಾಲದ ಖಾತೆ ಇರುವುದು ಬ್ಯಾಂಕಿನಲ್ಲಿ. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ವಿದ್ಯುತ್ ಬಿಲ್ಲಿನಲ್ಲಿ ನಿಗದಿತ ಶುಲ್ಕ ಬರುವುದು ಎಲ್ಲರಿಗೂ ಗೊತ್ತು. ಒಂದು ದೀಪವೂ ಉರಿಯದಿದ್ದರೂ ಸಂಪರ್ಕ ಇದೆಯಲ್ಲ! ವಾರ್ಷಿಕ ಶುಲ್ಕವಿರುವ ಕಾರ್ಡಿನ ಕಥೆಯೂ ಇಷ್ಟೇ.

ಬ್ಯಾಂಕಿನ ಹೆಸರು ಬದಲಾದರೂ ಖಾತೆ ಸಾಯುವುದಿಲ್ಲ. 1913ರಲ್ಲಿ ಆರಂಭವಾದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಪಾಸ್‌ಬುಕ್ಕು ನೆನಪಿನ ವಸ್ತುವಾಯಿತು, ಖಾತೆಗಳು ಮಾತ್ರ ಹೊಸ ಹೆಸರಿನಲ್ಲಿ ಮುಂದುವರಿದವು. ಸಿಟಿ ಬ್ಯಾಂಕಿನ ಭಾರತದ ಕ್ರೆಡಿಟ್ ಕಾರ್ಡ್ ವ್ಯವಹಾರ 2023ರ ಮಾರ್ಚ್ 1ರಂದು ಆಕ್ಸಿಸ್ ಬ್ಯಾಂಕಿನ ಕೈಗೆ ಹೋದಾಗಲೂ ಹೀಗೇ ಆಯಿತು. “ಆ ಬ್ಯಾಂಕೇ ಈಗ ಇಲ್ಲ” ಎಂದುಕೊಂಡು ಕಾರ್ಡನ್ನು ಮರೆಯುವಂತಿಲ್ಲ.

ಅಪಾಯ ಹುಟ್ಟುವುದು ಹೇಗೆಂದು ನೋಡಿ. ಕಾರ್ಡಿನ ವಾರ್ಷಿಕ ಶುಲ್ಕ 500 ರೂಪಾಯಿ ಎಂದುಕೊಳ್ಳಿ. ಅದಕ್ಕೆ ಶೇ 18ರ ಜಿಎಸ್‌ಟಿ ಸೇರಿ 590 ಆಗುತ್ತದೆ. ಮನೆ ಬದಲಾಗಿದೆ, ಮೊಬೈಲ್ ನಂಬರೂ ಬದಲಾಗಿದೆ. ಬಿಲ್ಲು ಹಳೆಯ ವಿಳಾಸಕ್ಕೆ ಹೋಗುತ್ತದೆ. ಗಡುವು ಮೀರಿದ ಮೇಲೆ ತಡಪಾವತಿ ದಂಡ. ಖರೀದಿಯ ಬಾಕಿಯೂ ಉಳಿದಿದ್ದರೆ ಅದಕ್ಕೆ ಬಡ್ಡಿ. ತಿಂಗಳಿಗೆ ಶೇ 3.5 ಎಂದರೆ ಕೇಳಲು ಸಣ್ಣದು. 12ರಿಂದ ಗುಣಿಸಿದರೆ ವರ್ಷಕ್ಕೆ ಶೇ 42. ಬಡ್ಡಿಗೂ ಬಡ್ಡಿ ಸೇರುವ ಚಕ್ರಬಡ್ಡಿಯ ಲೆಕ್ಕ ಹಾಕಿದರೆ ಶೇ 51 ದಾಟುತ್ತದೆ. ಹೈಸ್ಕೂಲಿನಲ್ಲಿ ಕಲಿತ ಸೂತ್ರವನ್ನೇ ಹಾಕಿ ಮಕ್ಕಳು ಇದನ್ನು ಪರೀಕ್ಷಿಸಬಹುದು. ಶೇ 30ಕ್ಕಿಂತ ಹೆಚ್ಚಿನ ಬಡ್ಡಿ ನ್ಯಾಯವಲ್ಲವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದುಪಡಿಸಿತು. ಬಡ್ಡಿ ಕೊಡುವುದೂ ತೆಗೆದುಕೊಳ್ಳುವುದೂ ಧರ್ಮಕ್ಕೆ ವಿರುದ್ಧವೆಂದು ನಂಬುವ ಮನೆಗಳು ರಾಜೀವನಗರದಲ್ಲಿ ಅನೇಕ. ಅಂಥ ಮನೆಯವರಿಗೆ ಇದು ಹಣದ ಪ್ರಶ್ನೆ ಮಾತ್ರವಲ್ಲ, ಮನಸ್ಸಾಕ್ಷಿಯ ಪ್ರಶ್ನೆಯೂ ಹೌದು.

ದೊಡ್ಡವರಿಗೂ ಒಂದು ಅಂಕಪಟ್ಟಿ

ಮಗಳ ಅಂಕಪಟ್ಟಿ ಬೀರುವಿನಲ್ಲಿದೆ. ತಂದೆಯದೂ ಒಂದಿದೆ, ಅದು ಬೇರೆಡೆ ಇದೆ. ಸಾಲ ಪಡೆದವರು ಹೇಗೆ ತೀರಿಸಿದರೆಂಬ ವಿವರವನ್ನು ಬ್ಯಾಂಕುಗಳಿಂದ ಪಡೆದು ಇಡುವ ಸಂಸ್ಥೆಗಳು ನಮ್ಮ ದೇಶದಲ್ಲಿ ನಾಲ್ಕು. 2000ದಲ್ಲಿ ಸ್ಥಾಪನೆಯಾದ ಸಿಬಿಲ್ ಇವುಗಳಲ್ಲಿ ಹಳೆಯದು. ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಉಳಿದ ಮೂರು. 2005ರ ಕಾಯಿದೆಯೊಂದು ಇವುಗಳನ್ನು ನಿಯಂತ್ರಿಸುತ್ತದೆ. ಸಿಬಿಲ್ ಅಂಕ 300ರಿಂದ 900ರವರೆಗೆ. 900ಕ್ಕೆ ಹತ್ತಿರವಾದಷ್ಟೂ ಸಾಲಗಾರ ನಂಬಿಗಸ್ತನೆಂದು ಲೆಕ್ಕ.

ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ತಂದೆಯೋ ತಾಯಿಯೋ ಸಹ ಸಾಲಗಾರರಾಗಿ ಸಹಿ ಹಾಕುತ್ತಾರೆ. ಬ್ಯಾಂಕು ಅವರ ದಾಖಲೆಯನ್ನೂ ತೆರೆದು ನೋಡುತ್ತದೆ. ವಿದ್ಯಾರ್ಥಿಯ ಅಂಕ ಕಡಿಮೆಯೆಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದ್ದುಂಟು. ಆದರೆ ಕಾಲೇಜಿನ ಶುಲ್ಕ ಕಟ್ಟುವ ಗಡುವು ನ್ಯಾಯಾಲಯದ ತೀರ್ಪಿಗಾಗಿ ಕಾಯುವುದಿಲ್ಲ. ಬೀರುವಿನಲ್ಲಿ ಮರೆತ ಕಾರ್ಡಿನ 590 ರೂಪಾಯಿ ಬಾಕಿ, ಲಕ್ಷಗಟ್ಟಲೆ ಸಾಲದ ಅರ್ಜಿಗೆ ಅಡ್ಡಿಯಾಗಬಹುದಾದ್ದು ಇಲ್ಲೇ. ರಿಸರ್ವ್ ಬ್ಯಾಂಕಿನ ನಿಯಮದಂತೆ ಗಡುವು ಮೀರಿ 3 ದಿನಕ್ಕಿಂತ ಹೆಚ್ಚಾದರೆ ಬ್ಯಾಂಕು ಅದನ್ನು ಬಾಕಿಯೆಂದು ಈ ಸಂಸ್ಥೆಗಳಿಗೆ ವರದಿ ಮಾಡಬಹುದು.

ಹಾಗಾದರೆ ಎಲ್ಲವನ್ನೂ ಮುಚ್ಚಿಸಿಬಿಡಬಹುದೇ?

ಅವಸರ ಬೇಡ. ಇಲ್ಲೊಂದು ಸಣ್ಣ ಗಣಿತವಿದೆ. ಸಿಕ್ಕಿರುವ ಸಾಲದ ಮಿತಿಯಲ್ಲಿ ಎಷ್ಟು ಭಾಗ ಬಳಸಲಾಗುತ್ತಿದೆ ಎಂಬುದೂ ಅಂಕದ ಮೇಲೆ ಪರಿಣಾಮ ಬೀರುತ್ತದೆ. ಜೇಬಿನ ಕಾರ್ಡಿನ ಮಿತಿ 1 ಲಕ್ಷ, ಹಳೆಯ ಸಂಬಳದ ಕಾರ್ಡಿನದು 60 ಸಾವಿರ, ಮೂರನೆಯದರದು 40 ಸಾವಿರ ಎಂದಿರಲಿ. ಒಟ್ಟು 2 ಲಕ್ಷ. ತಿಂಗಳಿಗೆ 30 ಸಾವಿರ ಬಳಸಿದರೆ ಪ್ರಮಾಣ ಶೇ 15.

ಎರಡು ಕಾರ್ಡುಗಳನ್ನೂ ಮುಚ್ಚಿಸಿದರೆ ಮಿತಿ 1 ಲಕ್ಷಕ್ಕೆ ಇಳಿಯುತ್ತದೆ, ಅದೇ 30 ಸಾವಿರ ಶೇ 30 ಆಗುತ್ತದೆ. ಖರ್ಚು ಒಂದು ಪೈಸೆಯೂ ಹೆಚ್ಚಲಿಲ್ಲ, ಪ್ರಮಾಣ ಮಾತ್ರ ದುಪ್ಪಟ್ಟಾಯಿತು! ಮೂರನೆಯದನ್ನು ಮಾತ್ರ ಮುಚ್ಚಿಸಿದರೆ ಅದು ಶೇ 18.75ರಲ್ಲಿ ನಿಲ್ಲುತ್ತದೆ. ಶೇ 30ರ ಒಳಗಿದ್ದರೆ ಒಳ್ಳೆಯದೆಂಬುದು ತಿಳಿದವರ ರೂಢಿಯ ಮಾತು, ಕಾನೂನಲ್ಲ. ತಿಂಗಳಿಗೆ ಎರಡು ಮೂರು ಸಾವಿರ ಮಾತ್ರ ಬಳಸುವವರಿಗೆ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ.

ಖಾತೆಯ ವಯಸ್ಸಿಗೂ ಬೆಲೆಯಿದೆ. ಹತ್ತು ವರ್ಷ ತಪ್ಪದೆ ಹಣ ಕಟ್ಟಿದ ಖಾತೆ, ಹತ್ತು ವರ್ಷದ ಒಳ್ಳೆಯ ನಡತೆಯ ಪ್ರಮಾಣಪತ್ರವಿದ್ದಂತೆ. ಹಾಗೆಂದು ಮುಚ್ಚಿದ ಕೂಡಲೇ ಆ ಚರಿತ್ರೆ ಅಳಿಸಿಹೋಗುತ್ತದೆಂಬ ಭಯವೂ ಬೇಡ. ಇಂಥ ಮಾಹಿತಿಯನ್ನು ಕನಿಷ್ಠ 7 ವರ್ಷ ಉಳಿಸಿಕೊಳ್ಳಬೇಕೆಂಬ ನಿಯಮವಿದೆ.

ಯಾವುದು ಇರಲಿ, ಯಾವುದು ಹೋಗಲಿ?

ವಾರ್ಷಿಕ ಶುಲ್ಕವಿಲ್ಲದ ಹಳೆಯ ಕಾರ್ಡನ್ನು ಇಟ್ಟುಕೊಳ್ಳುವುದು ಲೇಸು. ಆದರೆ ಮಲಗಿಸಿಡಬಾರದು. ಬಳಸದೆ ವರ್ಷಗಟ್ಟಲೆ ಟಾರ್ಚಿನಲ್ಲೇ ಬಿಟ್ಟ ಸೆಲ್ಲು ಸೋರಿ ಟಾರ್ಚನ್ನೇ ಕೆಡಿಸುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಒಂದು ವಿದ್ಯುತ್ ಬಿಲ್ಲನ್ನೋ ಮೊಬೈಲ್ ಬಿಲ್ಲನ್ನೋ ಅದರಲ್ಲಿ ಕಟ್ಟಿ, ಗಡುವಿನೊಳಗೆ ಪೂರ್ತಿ ಹಣ ತೀರಿಸಿದರೆ ಸಾಕು. ‘ಕನಿಷ್ಠ ಮೊತ್ತ’ ಕಟ್ಟಿ ಸುಮ್ಮನಾದರೆ ಉಳಿದದ್ದಕ್ಕೆ ಬಡ್ಡಿ ಓಡುತ್ತದೆ. 2022ರ ಜುಲೈ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದ ಕಾರ್ಡಿನ ಬಗ್ಗೆ ಬ್ಯಾಂಕು ಗ್ರಾಹಕರಿಗೆ ತಿಳಿಸಬೇಕು. 30 ದಿನದೊಳಗೆ ಉತ್ತರ ಬಾರದಿದ್ದರೆ, ಬಾಕಿ ಇಲ್ಲವೆಂದಾದಲ್ಲಿ, ತಾನೇ ಮುಚ್ಚುತ್ತದೆ. ಬಾಕಿ ಇದ್ದರೆ ತಾನಾಗಿ ಮುಚ್ಚುವುದಿಲ್ಲ ಎಂಬುದನ್ನು ಗಮನಿಸಬೇಕು.

ಶುಲ್ಕ ಕೇಳುವ, ಆದರೆ ಬಳಕೆಗೆ ಬಾರದ ಕಾರ್ಡನ್ನು ಮುಚ್ಚಿಸುವುದೇ ಸರಿ. ಅದಕ್ಕೂ ಮುಂಚೆ, ಶುಲ್ಕವಿಲ್ಲದ ಬಗೆಗೆ ಬದಲಿಸಿಕೊಡುವಿರಾ ಎಂದು ಬ್ಯಾಂಕನ್ನು ಒಮ್ಮೆ ಕೇಳಬಹುದು. ಕೆಲವೇ ತಿಂಗಳಲ್ಲಿ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕುವವರು ಮಾತ್ರ ಮೊದಲು ಬಾಕಿಗಳನ್ನೆಲ್ಲ ತೀರಿಸಿ, ಸಾಲ ಮಂಜೂರಾದ ಮೇಲೆ ಮುಚ್ಚಿಸಿದರೆ ಮೇಲು.

ಮೂರನೆಯ ಬಗೆಯೊಂದಿದೆ. ಕಾರ್ಡು ಎದುರಿಗಿದ್ದರೆ ಕೈ ತಡೆಯದವರು, ತಿಂಗಳ ಕೊನೆಗೆ ಪೂರ್ತಿ ಕಟ್ಟಲಾಗದವರು. ಇವರು ಅಂಕದ ಲೆಕ್ಕ ಬಿಟ್ಟು ಮುಚ್ಚಿಸಿಬಿಡಲಿ. ಅಂಕ ಮತ್ತೆ ಬೆಳೆಯುತ್ತದೆ. ಸಾಲದ ಹೊರೆ ಮಕ್ಕಳ ಓದಿನ ಹಣವನ್ನೇ ನುಂಗುತ್ತದೆ.

ಮುಚ್ಚಿಸುವ ಕ್ರಮ

ಮೊದಲು ಬಾಕಿ, ನಡೆಯುತ್ತಿರುವ ಕಂತು, ತಾನಾಗಿ ಹಣ ಕಡಿತವಾಗುವ ಏರ್ಪಾಡುಗಳನ್ನು ನೋಡಿಕೊಳ್ಳಬೇಕು. ಗಳಿಸಿದ ಪಾಯಿಂಟುಗಳಿದ್ದರೆ ಬಳಸಿಕೊಳ್ಳಬೇಕು. ಆಮೇಲೆ ಬ್ಯಾಂಕಿನ ಸಹಾಯವಾಣಿ, ಇ-ಮೇಲ್ ಅಥವಾ ಆ್ಯಪ್ ಮೂಲಕ ಮನವಿ ಸಲ್ಲಿಸಬೇಕು. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳೊಳಗೆ ಖಾತೆ ಮುಚ್ಚಬೇಕು. ತಪ್ಪಿದರೆ ತಡವಾದ ಪ್ರತಿ ದಿನಕ್ಕೆ 500 ರೂಪಾಯಿಯನ್ನು ಗ್ರಾಹಕರಿಗೆ ಕೊಡಬೇಕೆಂದು ಅದೇ ನಿಯಮ ಹೇಳಿದೆ. ಮನವಿಯ ದಿನಾಂಕ ಬರೆದಿಟ್ಟುಕೊಳ್ಳುವುದು ಇದಕ್ಕಾಗಿಯೇ.

ಬಾಕಿ ಇಲ್ಲವೆಂಬ ಪತ್ರ ಕೈಸೇರುವವರೆಗೆ ಕೆಲಸ ಮುಗಿದಿಲ್ಲ. ಒಂದೆರಡು ತಿಂಗಳ ನಂತರ ಸಾಲದ ವರದಿ ತರಿಸಿ ನೋಡಬೇಕು. ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅದರಲ್ಲಿ ‘ಕ್ಲೋಸ್ಡ್’ ಎಂದಿರಬೇಕು. ‘ಸೆಟಲ್ಡ್’ ಎಂದಿದ್ದರೆ ಪೂರ್ತಿ ಕಟ್ಟದೆ ರಾಜಿಯಾಗಿದ್ದಾರೆಂದು ಅರ್ಥ, ಅದು ಕಪ್ಪುಚುಕ್ಕೆ. ಬ್ಯಾಂಕು 30 ದಿನದಲ್ಲಿ ದೂರಿಗೆ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 14448ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ.

“ನಿಮ್ಮ ಕಾರ್ಡು ಮುಚ್ಚಿಕೊಡುತ್ತೇವೆ, ಓಟಿಪಿ ಹೇಳಿ” ಎಂದು ತಾವಾಗಿ ಕರೆ ಮಾಡುವವರನ್ನು ನಂಬಬಾರದು. ಮೋಸ ಹೋದರೆ ತಡಮಾಡದೆ 1930ಕ್ಕೆ ತಿಳಿಸಬೇಕು.

ಕತ್ತರಿಗೆ ಕೆಲಸ ಇವೆಲ್ಲ ಮುಗಿದ ಮೇಲೆ. ಚಿಪ್ಪಿನ ನಡುವೆಯೇ ಕತ್ತರಿಸಬೇಕು. ಒಲೆಗೆ ಮಾತ್ರ ಹಾಕಬಾರದು. ಕಾರ್ಡುಗಳು ಸಾಮಾನ್ಯವಾಗಿ ಪಿವಿಸಿಯಿಂದ ತಯಾರಾದವು. ಸುಟ್ಟರೆ ಕಣ್ಣು ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ.

ರಾಜೀವನಗರದ ಆ ಮನೆಯಲ್ಲಿ ಈಗ ತಂದೆ ಮಗಳು ಜೊತೆಗೆ ಕುಳಿತು ಎರಡು ಕಾರ್ಡುಗಳ ಶುಲ್ಕ ಎಷ್ಟೆಂದು ವಿಚಾರಿಸಲಿ. ಅನ್ನ ಕೇಳದ ಹಳೆಯದು ಇರಲಿ, ಕೇಳುವುದನ್ನು ಕ್ರಮವಾಗಿ ಕಳುಹಿಸಿಕೊಡಲಿ. ಮುಂದೊಂದು ದಿನ ಮೊದಲ ಸಂಬಳದ ಜೊತೆ ತನ್ನ ಹೆಸರಿಗೇ ಒಂದು ಕಾರ್ಡು ಬಂದಾಗ, ಮಗಳು ಸಹಿ ಹಾಕುವ ಮೊದಲು ವಾರ್ಷಿಕ ಶುಲ್ಕದ ಸಾಲನ್ನು ಓದಿದರೆ, ಬೀರು ತೆರೆದದ್ದು ಸಾರ್ಥಕ.