ಸಲಹಾ ಪತ್ರ ಕಾನೂನಾಗುತ್ತದೆಯೇ?

ಒಂದು ಸಲಹಾ ಪತ್ರ ಹೊರಡಿಸಿ ಸರ್ಕಾರ ಎಐಗೆ ಲೈಸೆನ್ಸ್ ಪದ್ಧತಿ ತರಬಹುದೇ? 2024ರ ಮಾರ್ಚ್ 1ರಂದು ಕೇಂದ್ರದ ಐಟಿ ಸಚಿವಾಲಯ ಹೆಚ್ಚುಕಡಿಮೆ ಅದನ್ನೇ ಮಾಡಿತು. ಪರೀಕ್ಷೆ ಪೂರ್ಣವಾಗದ, ನೆಚ್ಚಲಾಗದ ಎಐ ಮಾದರಿಗಳನ್ನು ಜನರ ಕೈಗಿಡುವ ಮುನ್ನ ಸರ್ಕಾರದ ಸ್ಪಷ್ಟ ಅನುಮತಿ ಬೇಕು, 15 ದಿನದಲ್ಲಿ ವರದಿ ಬೇಕು ಎಂದಿತು. ಟೀಕೆ ಜೋರಾದಾಗ, ಇದು ಸ್ಟಾರ್ಟಪ್‌ಗಳಿಗೆ ಅನ್ವಯಿಸುವುದಿಲ್ಲವೆಂದು ಸಚಿವರು ಎಕ್ಸ್‌ನಲ್ಲಿ ಬರೆದರು. ಮಾರ್ಚ್ 15ರಂದು ಹೊಸ ಸಲಹೆ ಬಂತು. ಎಐ ಸೃಷ್ಟಿಸಿದ್ದಕ್ಕೆ ಲೇಬಲ್ ಹಾಕಬೇಕೆಂಬ ಮೊದಲ ಪತ್ರದ ಸೂಚನೆ ಉಳಿಯಿತು, ಅನುಮತಿಯ ಷರತ್ತು ಮಾಯವಾಯಿತು. ಯಾರಿಗೆ ಅನ್ವಯ ಎಂಬುದು ಒಂದು ಪೋಸ್ಟ್‌ನಲ್ಲಿ ತೀರ್ಮಾನವಾದರೆ ಅದನ್ನು ಕಾನೂನು ಎನ್ನುವುದು ಹೇಗೆ?

ಸಲಹಾ ಪತ್ರ ಆಧಾರವಾಗಿ ತೋರಿಸಿದ್ದ 2021ರ ಐಟಿ ನಿಯಮಗಳಲ್ಲಿ ಎಐಗೆ ಪೂರ್ವಾನುಮತಿಯ ಮಾತೇ ಇಲ್ಲ. ಶಾಸನದ ಬೆಂಬಲವಿಲ್ಲದ ಇಲಾಖಾ ಸೂಚನೆ ತೋರಿಸಿ ಸಂವಿಧಾನದ 19ನೇ ವಿಧಿಯ ವಾಕ್‌ಸ್ವಾತಂತ್ರ್ಯದಂಥ ಹಕ್ಕುಗಳನ್ನು ಮೊಟಕುಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ, ಖರಕ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಎಐ ಓಡುತ್ತಿದೆ, ಸಂಸತ್ತು ನಿಧಾನ, ಡೀಪ್‌ಫೇಕ್ ಕಾಯುತ್ತದೆಯೇ ಎಂದು ನೀವು ಕೇಳಬಹುದು. ಹಾನಿ ನಿಜ, ಅವಸರವೂ ನಿಜ. ಅದಕ್ಕೂ ದಾರಿಯಿದೆ: ಐಟಿ ಕಾಯ್ದೆಯ 87ನೇ ಸೆಕ್ಷನ್ ಪ್ರಕಾರ ಸರ್ಕಾರ ತಾನೇ ನಿಯಮ ರೂಪಿಸಬಹುದು, ಆದರೆ ಅದನ್ನು ಸಂಸತ್ತಿನ ಮುಂದಿಡಬೇಕು. ಆ ನಿಯಮವೂ ಎಲ್ಲೆ ಮೀರಿದರೆ ಕೋರ್ಟ್ ಇದೆ. ಹೀಗೆ ರೂಪಿಸಿದ್ದ ಸರ್ಕಾರಿ ಫ್ಯಾಕ್ಟ್‌ಚೆಕ್ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಮಾಡಿತು. ಹಾಗಾಗಿ ಎಐ ಬಗ್ಗೆ ಮುಂದೆ ಯಾವುದೇ ಆದೇಶ ಬಂದರೂ, ಈ ಅಧಿಕಾರ ಯಾವ ಕಾಯ್ದೆಯ ಯಾವ ಸೆಕ್ಷನ್‌ನಿಂದ ಬಂತು ಎಂದು ಮೊದಲು ಕೇಳಿ.