ಮೂವತ್ತೇಳು ವರ್ಷ ಕಾದ ಹಾಡು

ಪ್ರಶ್ನೆ: ಗೆಳತಿಯರೆಲ್ಲ ಕೂತು ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಬಗ್ಗೆ ಹರಟುತ್ತಿದ್ದೆವು. ಅದರಲ್ಲಿ ಮ್ಯಾಕ್ಸ್ ಎಂಬ ಹುಡುಗಿ ಕೇಳುವ ಹಾಡು ನಮ್ಮಮ್ಮನ ಕಾಲದ್ದಂತೆ, ಹೌದೇ?

ಉತ್ತರ: ಹೌದು. ಬ್ರಿಟನ್ನಿನ ಕೇಟ್ ಬುಷ್ ‘ರನ್ನಿಂಗ್ ಅಪ್ ದಟ್ ಹಿಲ್’ ಹಾಡನ್ನು ತಾವೇ ಬರೆದು, ಹಾಡಿ, 1985ರಲ್ಲಿ ಹೊರತಂದರು. ಆಗ ಅದು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೇರಿತ್ತು. 2022ರಲ್ಲಿ ಸರಣಿಯ ನಾಲ್ಕನೇ ಸೀಸನ್ ಬಂದ ಮೇಲೆ ಮೊದಲ ಸ್ಥಾನಕ್ಕೇ ಬಂತು! ಇದು ಬರೀ ಹಳೆಯ ನೆನಪಿನ ಮೋಹವಲ್ಲ. ದುಃಖದಲ್ಲಿ ಮುಳುಗಿದ ಮ್ಯಾಕ್ಸ್‌ಳನ್ನು ಸಾವಿನ ಬಾಯಿಂದ ಎಳೆದು ತರುವುದೇ ಆ ಹಾಡು. ಗೆಳೆಯರು ಅವಳ ಕಿವಿಗೆ ಹೆಡ್‌ಫೋನ್ ಇಟ್ಟು ವಾಕ್‌ಮನ್‌ನಲ್ಲಿ ಕೇಳಿಸುತ್ತಾರೆ. ಹಾಗಾಗಿ ಹಾಡು ಹಿನ್ನೆಲೆಯಲ್ಲೇ ಉಳಿಯದೆ ಕಥೆಯ ಒಂದು ಪಾತ್ರವಾಯಿತು. ಮುಂದಿನ ಸಲ ಸೇರಿದಾಗ ಅದನ್ನು ಪೂರ್ತಿ ಕೇಳಿ, ಅಮ್ಮನನ್ನೂ ಕರೆಯಿರಿ.